ನಿಮಗಿದು ಗೊತ್ತೇ? ಮಗುವಿಗೆ ದುಬಾರಿ ಲ್ಯಾಪ್‌ಟಾಪ್ ಕೊಡಿಸುವ ಮುನ್ನ

ಜೂನ್ ಹತ್ತಿರ ಬಂತೆಂದರೆ ಫೀಸು, ಯೂನಿಫಾರ್ಮು, ಪುಸ್ತಕದ ಪಟ್ಟಿಯ ಜೊತೆಗೆ ಈಗ ಇನ್ನೊಂದು ಬೇಡಿಕೆಯೂ ಸೇರಿಕೊಂಡಿದೆ: ‘ಒಂದು ಒಳ್ಳೇ ಲ್ಯಾಪ್‌ಟಾಪ್ ಕೊಡಿಸಿ, ಎಲ್ಲರ ಹತ್ರಾನೂ ಇದೆ.’ ಅರವತ್ತು, ಎಪ್ಪತ್ತು ಸಾವಿರದ ಮಾತು ಇದು. ಸಾಲ ಮಾಡಿಯಾದರೂ ಕೊಡಿಸಿಬಿಡೋಣ ಎನ್ನುವ ಅಪ್ಪ ಅಮ್ಮಂದಿರು ಅಂಗಡಿಗೆ ಹೊರಡುವ ಮುಂಚೆ ಇಷ್ಟನ್ನು ಓದಿಕೊಳ್ಳಲಿ.

● ನಮ್ಮ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡೂ ಪೆನ್ನು ಹಿಡಿದು ಬರೆಯುವ ಪರೀಕ್ಷೆಗಳೇ. ಸಿಇಟಿಯಲ್ಲಿ ಮಕ್ಕಳು ವೃತ್ತ ತುಂಬುವುದು ಓಎಂಆರ್ ಹಾಳೆಯಲ್ಲಿ. ಜೆಇಇ ಮೇನ್ 2019ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತಿದೆ, ಕಾಮೆಡ್‌ಕೆ ಪರೀಕ್ಷೆಯೂ ಹಾಗೆಯೇ. ಆದರೆ ಆ ಕಂಪ್ಯೂಟರ್ ಇರುವುದು ಪರೀಕ್ಷಾ ಕೇಂದ್ರದಲ್ಲಿ. ಪ್ರಶ್ನೆಯನ್ನು ಪರದೆಯ ಮೇಲೆ ಓದುತ್ತಾ ಪಕ್ಕದ ರಫ್ ಹಾಳೆಯಲ್ಲಿ ಲೆಕ್ಕ ಮಾಡುವ ರೂಢಿಯಷ್ಟೇ ಮಗುವಿಗೆ ಬೇಕಾದ್ದು. ಆ ಅಭ್ಯಾಸಕ್ಕೆ ಮನೆಯಲ್ಲಿರುವ ಹಳೇ ಕಂಪ್ಯೂಟರೇ ಸಾಕು.

● ಮನೆಗೆ ಕಂಪ್ಯೂಟರ್ ಬಂದರೆ ಅಂಕ ಏರುತ್ತದೆಯೇ? ರೊಮೇನಿಯಾದಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಅಲ್ಲಿನ ಸರ್ಕಾರ ಬಡ ಕುಟುಂಬಗಳಿಗೆ ಕಂಪ್ಯೂಟರ್ ಕೊಳ್ಳಲೆಂದು 200 ಯೂರೋಗಳ ಚೀಟಿ ಹಂಚಿತು. ಆದಾಯದ ಮಿತಿಗಿಂತ ತುಸು ಕೆಳಗಿದ್ದು ಚೀಟಿ ಪಡೆದವರು ಒಂದು ಕಡೆ, ತುಸು ಮೇಲಿದ್ದು ಕಳೆದುಕೊಂಡವರು ಇನ್ನೊಂದು ಕಡೆ. ಈ ಎರಡು ಗುಂಪಿನ ಮಕ್ಕಳನ್ನು ಅರ್ಥಶಾಸ್ತ್ರಜ್ಞರಾದ ಒಫರ್ ಮಲಾಮುಡ್ ಮತ್ತು ಕ್ರಿಸ್ಟಿಯನ್ ಪಾಪ್ ಎಲೆಚೆಸ್ ಹೋಲಿಸಿ ನೋಡಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್ ಸಿಕ್ಕ ಮಕ್ಕಳಿಗೆ ಕಂಪ್ಯೂಟರ್ ಬಳಸುವುದು ಚೆನ್ನಾಗಿ ಬಂತು. ಗಣಿತ, ಇಂಗ್ಲಿಷ್ ಮತ್ತು ಅವರದೇ ಭಾಷೆಯ ಅಂಕಗಳು ಮಾತ್ರ ಇಳಿದವು. ಹೆಚ್ಚಿನ ಮಕ್ಕಳು ಅದರಲ್ಲಿ ಆಡಿದ್ದು ಆಟ. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ, ನನಗೆ ಅದೇ ಮುಖ್ಯ: ಹೋಂವರ್ಕ್ ಮುಗಿಯಿತೇ ಎಂದು ಕೇಳುವ, ಅದಕ್ಕೊಂದು ಕಟ್ಟುಪಾಡು ಇಟ್ಟ ಮನೆಗಳಲ್ಲಿ ಈ ಇಳಿಕೆ ಕಡಿಮೆಯಾಗಿತ್ತು.

● ಅಮೆರಿಕದ ಕ್ಯಾಲಿಫೋರ್ನಿಯಾದ 15 ಶಾಲೆಗಳಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇಲ್ಲದ 1,123 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳಿಗೆ ಉಚಿತವಾಗಿ ಕಂಪ್ಯೂಟರ್ ಕೊಡಲಾಯಿತು. ವರ್ಷದ ಕೊನೆಗೆ ಎರಡೂ ಗುಂಪಿನ ಅಂಕ, ಹಾಜರಿ ನೋಡಿದರೆ ವ್ಯತ್ಯಾಸವೇ ಇರಲಿಲ್ಲ. 2013ರಲ್ಲಿ ರಾಬರ್ಟ್ ಫೇರ್ಲಿ ಮತ್ತು ಜೊನಾಥನ್ ರಾಬಿನ್ಸನ್ ಪ್ರಕಟಿಸಿದ ಅಧ್ಯಯನ ಇದು. ಅಂಕ ಏರಲಿಲ್ಲ, ಇಳಿಯಲೂ ಇಲ್ಲ.

● ‘ನೂರು ಡಾಲರಿಗೆ ಮಗುವಿಗೊಂದು ಲ್ಯಾಪ್‌ಟಾಪ್’ ಎಂದು 2005ರಲ್ಲಿ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಜಗತ್ತಿಗೇ ಆಸೆ ಹುಟ್ಟಿಸಿದ್ದರು. ಹಸಿರು ಬಿಳುಪಿನ ಆ ಪುಟ್ಟ ಯಂತ್ರ ನೂರು ಡಾಲರಿಗೆ ಬರಲೇ ಇಲ್ಲ, ಹೆಚ್ಚುಕಡಿಮೆ ಇನ್ನೂರಾಯಿತು. ಪೆರು ದೇಶ ಅದನ್ನು ಲಕ್ಷಗಟ್ಟಲೆ ಕೊಂಡಿತು. ಅಲ್ಲಿನ 319 ಹಳ್ಳಿ ಶಾಲೆಗಳಲ್ಲಿ ನಡೆದ ಅಧ್ಯಯನದ ವರದಿ 2012ರಲ್ಲಿ ಬಂದಾಗ ಗಣಿತದಲ್ಲೂ ಭಾಷೆಯಲ್ಲೂ ಪರಿಣಾಮ ಕಾಣಲಿಲ್ಲ. ಭಾರತ ಸರ್ಕಾರ ಈ ಯೋಜನೆಯನ್ನು 2006ರಲ್ಲೇ ಬೇಡವೆಂದಿತ್ತು.

● ಹಾಗಾದರೆ ಲ್ಯಾಪ್‌ಟಾಪಿನಿಂದ ಉಪಯೋಗವೇ ಇಲ್ಲವೇ? ಇದೆ. ತರಗತಿಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟು ಪಾಠವನ್ನೂ ಅದಕ್ಕೆ ಹೊಂದಿಸಿದ ಶಾಲೆಗಳ ಹತ್ತು ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಬರವಣಿಗೆ, ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿ ಸಣ್ಣದಾದರೂ ಒಳ್ಳೆಯ ಪರಿಣಾಮ ಕಂಡಿತ್ತು. ಆದ್ದರಿಂದ ಮಗುವಿನ ಶಾಲೆಗೆ ಹೋಗಿ ನೇರವಾಗಿ ಕೇಳಿ: ಯಾವ ವಿಷಯಕ್ಕೆ, ವಾರಕ್ಕೆಷ್ಟು ಸಲ, ಯಾವ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕು? ಕೆಲಸ ಯಾವುದೆಂದು ಶಿಕ್ಷಕರು ಹೇಳಿದರೆ ಯಂತ್ರ ಎಂಥದ್ದಿರಬೇಕೆಂದು ತಾನೇ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಕೊಳ್ಳಲು ಅವಸರವೇನೂ ಇಲ್ಲ.

● ‘ಈಗಲೇ ದುಬಾರಿಯದ್ದು ತಗೊಂಡರೆ ಎಂಜಿನಿಯರಿಂಗ್‌ವರೆಗೂ ಬರುತ್ತೆ.’ ಅಂಗಡಿಯಲ್ಲೂ ಮನೆಯಲ್ಲೂ ಹೆಚ್ಚು ಕೇಳಿಬರುವ ಮಾತು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿನ ಸವಕಳಿ ವರ್ಷಕ್ಕೆ ಶೇ 40. ಎಂಟನೇ ತರಗತಿಯಲ್ಲಿ ₹60,000 ಕೊಟ್ಟು ಕೊಂಡ ಯಂತ್ರದ ಬೆಲೆ ಈ ಲೆಕ್ಕದಲ್ಲಿ ಒಂದು ವರ್ಷಕ್ಕೆ ₹36,000, ಎರಡಕ್ಕೆ ₹21,600, ಮೂರಕ್ಕೆ ₹12,960. ಐದು ವರ್ಷ ಕಳೆದು ಪಿಯುಸಿ ಮುಗಿಯುವ ಹೊತ್ತಿಗೆ ಉಳಿಯುವುದು ₹4,666! ಎಂಜಿನಿಯರಿಂಗಿಗೆ ಬೇಕಾದ ಯಂತ್ರವನ್ನು ಎಂಜಿನಿಯರಿಂಗ್ ಸೇರಿದ ಮೇಲೆ ಕೊಂಡರೆ ಅದೇ ದುಡ್ಡಿಗೆ ಆ ಕಾಲದ ಹೊಸ ಯಂತ್ರ ಸಿಗುತ್ತದೆ. ಮಗು ಸಿವಿಲ್ ಓದುತ್ತದೋ, ಕಾಮರ್ಸ್ ಓದುತ್ತದೋ, ನರ್ಸಿಂಗ್ ಸೇರುತ್ತದೋ ಎಂಬುದೂ ಅಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ.

● 2019ರ ನಮ್ಮ ಶಿಕ್ಷಣ ಇಲಾಖೆಯ ಸುತ್ತೋಲೆಯಂತೆ 6ರಿಂದ 8ನೇ ತರಗತಿಯ ಮಗುವಿನ ಶಾಲಾ ಬ್ಯಾಗ್ 3ರಿಂದ 4 ಕೆ.ಜಿ. ಮೀರಬಾರದು. ಸಾಮಾನ್ಯ 15 ಇಂಚಿನ ಲ್ಯಾಪ್‌ಟಾಪ್, ಚಾರ್ಜರ್ ಸೇರಿ ಎರಡು ಕೆ.ಜಿ. ಹತ್ತಿರ ತೂಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಇನ್ನೂ ಭಾರ.

● ಅಂಗಡಿಯವರು ‘ಐ7 ಸಾರ್’ ಎಂದ ಕೂಡಲೇ ಮರುಳಾಗಬೇಡಿ. ಐ3, ಐ5, ಐ7 ಎಂಬುದಕ್ಕಿಂತ ಅದರ ಮುಂದಿನ ಸಂಖ್ಯೆ ಮುಖ್ಯ. ಐ7–4600ಯು ಎಂದಿದ್ದರೆ ಮೊದಲಿನ 4 ಅದರ ತಲೆಮಾರು. 2013ರ ಚಿಪ್ ಅದು, ಒಳಗೆ ಎರಡೇ ಕೋರ್. ಐ3–1215ಯು ಎಂದಿದ್ದರೆ 12ನೇ ತಲೆಮಾರು, ಒಳಗೆ ಆರು ಕೋರ್. ಹೆಸರಿನಲ್ಲಿ ‘ಚಿಕ್ಕದಾದ’ ಈ ಐ3, ಆ ಹಳೇ ಐ7ಗಿಂತ ಬಹಳ ಮುಂದಿದೆ. ಕೊನೆಯ ಅಕ್ಷರವನ್ನೂ ನೋಡಿ. ‘ಯು’ ಎಂದರೆ ಕರೆಂಟು ಕಡಿಮೆ ಕುಡಿಯುವ ಚಿಪ್, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ‘ಎಚ್’ ಎಂದರೆ ಭಾರೀ ಕೆಲಸದ್ದು, ಬಿಸಿ ಹೆಚ್ಚು, ಫ್ಯಾನ್ ಸದ್ದೂ ಹೆಚ್ಚು. ಶಾಲೆಯ ಕೆಲಸಕ್ಕೆ ‘ಯು’ ಧಾರಾಳವಾಯಿತು. ಸೆಕೆಂಡ್‌ಹ್ಯಾಂಡ್ ಮಾಲಿನಲ್ಲಿ ಈ ಹಳೇ ಐ7ಗಳೇ ಹೆಚ್ಚು ಮಿಂಚುವುದು, ಅಲ್ಲಿ ಇನ್ನಷ್ಟು ಎಚ್ಚರ ಬೇಕು.

● ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಚಿಪ್ಪುಗಳಲ್ಲಿ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. ಹಾಗೆಂದು ಹಳೆಯದನ್ನು ಗುಜರಿಗೆ ಹಾಕಬೇಕಿಲ್ಲ. ಉಬುಂಟುವಿನಂಥ ಲಿನಕ್ಸ್ ಹಾಕಿದರೆ ಹಲವು ಹಳೇ ಯಂತ್ರಗಳು ಇನ್ನೂ ಕೆಲವು ವರ್ಷ ಓಡುತ್ತವೆ, ಅದಕ್ಕೆ ಕಾಸೂ ಇಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ವರ್ಷಗಳಿಂದ ನಡೆಯುತ್ತಿರುವುದು ಇಂಥ ಮುಕ್ತ ತಂತ್ರಾಂಶದ ಮೇಲೆ. ಅಲ್ಲಿನ ‘ಕೈಟ್’ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. 2011ರಲ್ಲಿ ತಮಿಳುನಾಡು ಹಂಚಲು ಶುರುಮಾಡಿದ ಉಚಿತ ಲ್ಯಾಪ್‌ಟಾಪ್‌ಗಳಲ್ಲೂ ವಿಂಡೋಸ್ ಜೊತೆಗೆ ಭಾರತದ್ದೇ ಆದ ‘ಬಾಸ್’ ಲಿನಕ್ಸ್ ಇತ್ತು.

● ಭಾರತದ ಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಿಂದ. ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರ. ಅದರ ಪ್ರಸಿದ್ಧ ‘ಬಿ’ ಮಾದರಿಯಲ್ಲಿದ್ದ ರ‍್ಯಾಮ್ 32 ಕೆಬಿ. ಇವತ್ತಿನ 8 ಜಿಬಿ ರ‍್ಯಾಮ್ ಅದರ 2,62,144 ಪಟ್ಟು. ಪ್ರೋಗ್ರಾಮಿಂಗ್ ಕಲಿಯಲು ಮಗುವಿಗೆ ಬೇಕಾದ ಶಕ್ತಿ ಇಂದಿನ ಕಡಿಮೆ ಬೆಲೆಯ ಯಂತ್ರದಲ್ಲೂ ಮಿಗುವಷ್ಟಿದೆ.

● ಮಕ್ಕಳ ಕೋಡಿಂಗಿಗೆಂದೇ ಎಂಐಟಿ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ಪೈಥಾನ್ ಕೂಡ ಉಚಿತ. ಇವೆರಡಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ. ‘ಕೋಡಿಂಗ್ ಕಲಿಯೋಕೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು’ ಎಂದು ಮಗು ಹಟ ಹಿಡಿದರೆ ಅದು ಆಟದ ಆಸೆ. ಆಸೆ ತಪ್ಪಲ್ಲ. ಓದಿನ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ, ಅಷ್ಟೇ.

● ಎಲ್ಲಿ ದುಡ್ಡು ಹಾಕಬೇಕು? ಎಸ್‌ಎಸ್‌ಡಿಗೆ ಹಾಕಿ. ಹಳೇ ಬಗೆಯ ತಿರುಗುವ ಹಾರ್ಡ್ ಡಿಸ್ಕಿನ ಲ್ಯಾಪ್‌ಟಾಪ್ ಬೇರೆಲ್ಲ ಚೆನ್ನಾಗಿದ್ದರೂ ತೆರೆದುಕೊಳ್ಳಲು ನಿಮಿಷಗಟ್ಟಲೆ ತಿನ್ನುತ್ತದೆ. ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಚುರುಕಾಗುತ್ತದೆ. ಆಮೇಲಿನ ಸ್ಥಾನ 8 ಜಿಬಿ ರ‍್ಯಾಮಿಗೆ.

● ಆ ರ‍್ಯಾಮನ್ನು ಮುಂದೆ ಹೆಚ್ಚಿಸಬಹುದೇ ಎಂದು ಅಂಗಡಿಯಲ್ಲೇ ನೋಡಿಬಿಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಬಲಗಡೆ ಕೆಳಗೆ ಸ್ಲಾಟುಗಳ ಲೆಕ್ಕ ಇರುತ್ತದೆ. ಎರಡರಲ್ಲಿ ಒಂದು ಬಳಕೆಯಲ್ಲಿದೆ ಎಂದಿದ್ದರೆ ಸಾಮಾನ್ಯವಾಗಿ ಇನ್ನೊಂದು ಖಾಲಿಯಿದೆ, ನಾಲ್ಕು ವರ್ಷದ ನಂತರ ಇನ್ನೊಂದು ರ‍್ಯಾಮ್ ಸಿಕ್ಕಿಸಬಹುದು. ತೆಳ್ಳಗಿನ, ನೋಡಲು ಚೆಂದದ ಎಷ್ಟೋ ದುಬಾರಿ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಯಾವುದಕ್ಕೂ ಮಾದರಿಯ ವಿವರಪಟ್ಟಿಯನ್ನೂ ಒಮ್ಮೆ ಓದಿ.

● ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ ಮಾರುತ್ತಾರೆ. ಶಾಲೆಯ ಮಗುವಿಗೆ ಇವು ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ, ನೋಡಿ ಕೊಳ್ಳುವುದಾದರೆ. ವಿಂಡೋಸಿನಲ್ಲಿ ‘ಬ್ಯಾಟರಿ ರಿಪೋರ್ಟ್’ ತೆಗೆಸಿಕೊಡಿ ಎಂದು ಕೇಳಿ. ಬ್ಯಾಟರಿ ಹುಟ್ಟುವಾಗ ಎಷ್ಟು ಸಾಮರ್ಥ್ಯವಿತ್ತು, ಈಗ ಪೂರ್ತಿ ಚಾರ್ಜ್ ಆದರೆ ಎಷ್ಟು ಹಿಡಿಯುತ್ತದೆ ಎಂಬ ಎರಡೂ ಅಂಕಿ ಅದರಲ್ಲಿ ಅಕ್ಕಪಕ್ಕ ಸಿಗುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ. ಬಿಲ್ ಇಲ್ಲದ ಮಾಲು ಬೇಡವೇ ಬೇಡ, ಕಳವಿನದ್ದಾಗಿದ್ದರೆ ತಲೆನೋವು ನಿಮಗೆ.

● 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್ ಮೇಲೆ ಜಿಎಸ್‌ಟಿ ಇಲ್ಲ. ಲ್ಯಾಪ್‌ಟಾಪ್ ಮೇಲೆ ಶೇ 18 ಹಾಗೇ ಇದೆ.

● ‘ನೋ ಕಾಸ್ಟ್ ಇಎಂಐ’ ಎಂಬುದು ನಿಜಕ್ಕೂ ಬಡ್ಡಿಯಿಲ್ಲದ ಸಾಲವೇ? ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿದೆ. ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಎಂದು ತೋರಿಸಿ, ಆಮೇಲೆ ಬಡ್ಡಿಯಾಗಿ ವಸೂಲು ಮಾಡುವುದು ಸಾಮಾನ್ಯ ಪದ್ಧತಿ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಜೊತೆಗೆ ಪ್ರೊಸೆಸಿಂಗ್ ಶುಲ್ಕ. ‘ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳಿ ನೋಡಿ, ವ್ಯತ್ಯಾಸ ಕಂಡುಬಿಡುತ್ತದೆ.

● ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು 2024ರ ಅಸರ್ ಸಮೀಕ್ಷೆ ಹೇಳುತ್ತದೆ. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಪರದೆ ದೊಡ್ಡದಾದರೆ ಈ ರೂಢಿ ತಾನಾಗಿ ಬದಲಾಗುತ್ತದೆಂದು ನಂಬಲು ಕಾರಣವಿಲ್ಲ.

● ತರಗತಿಯಲ್ಲಿ ಲ್ಯಾಪ್‌ಟಾಪ್ ತೆರೆದು ಬೇರೇನೋ ನೋಡುವವರ ಅಂಕ ಇಳಿಯುವುದು ಹೊಸ ಮಾತಲ್ಲ. ಅವರ ಪರದೆ ಕಾಣುವಂತೆ ಕೂತವರ ಅಂಕವೂ ಇಳಿಯುತ್ತದೆಂದು 2013ರಲ್ಲಿ ಕೆನಡಾದ ಸಂಶೋಧಕರು ತೋರಿಸಿದ್ದಾರೆ.

● ಕೈಬರಹದ ನೋಟ್ಸೋ, ಟೈಪ್ ಮಾಡಿದ್ದೋ? 2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಪ್ರಕಟಿಸಿದ ಅಧ್ಯಯನದಲ್ಲಿ, ಟೈಪ್ ಮಾಡಿದವರು ಉಪನ್ಯಾಸವನ್ನು ಪದಕ್ಕೆ ಪದ ಇಳಿಸಿಕೊಂಡು, ಅರ್ಥ ಮಾಡಿಕೊಂಡು ಉತ್ತರಿಸುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದಿದ್ದರು. 2021ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಪದಕ್ಕೆ ಪದ ಇಳಿಸುವುದು ಕಂಡಿತು, ಅಂಕಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನೇ ಕೊನೆಯ ಮಾತೆಂದು ಹಿಡಿಯುವಂತಿಲ್ಲ. ಆದರೆ ಬರೆದೇ ಪರೀಕ್ಷೆ ಎದುರಿಸುವ ನಮ್ಮ ಮಕ್ಕಳಿಗೆ ಮೂರು ಗಂಟೆ ಬರೆಯುವ ಕೈ ಬೇಕೇ ಬೇಕು.

● ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ನೋಡಿದ್ದೀರಾ? 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಯ ಪಾಠಗಳು ಅದರ ಹಿಂದಿವೆ. ಫೋನ್ ಇದ್ದರೆ ಸಾಕು, ಉಚಿತ.

● ಲ್ಯಾಪ್‌ಟಾಪ್ ಬಂದೇ ಬಿಟ್ಟಿತು ಎನ್ನಿ. ಮೊದಲ ವಾರವೇ ಮಗುವಿಗೆ ಕನ್ನಡ ಟೈಪಿಂಗ್ ಕಲಿಸಿ. ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡ ಮೂಡಿಸುವ ಸುಲಭ ವಿನ್ಯಾಸವನ್ನು ರೂಪಿಸಿದವರು ಕೆ.ಪಿ. ರಾವ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಬೆನ್ನೆಲುಬು ಅದೇ. ‘ನುಡಿ’ ಉಚಿತ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ. ಕನ್ನಡ ಮಾಧ್ಯಮದ ಮಗು ತನ್ನ ವಿಜ್ಞಾನ ಪ್ರಾಜೆಕ್ಟನ್ನು ತನ್ನದೇ ಭಾಷೆಯಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ಮೇಷ್ಟ್ರ ಕೈಗೆ ಕೊಡುವಾಗ ಅದರ ಮುಖ ನೋಡಬೇಕು! ಕೊಟ್ಟ ದುಡ್ಡಿಗೆ ಅಂಥ ಕೆಲಸ ಹುಟ್ಟಬೇಕೆಂಬುದೇ ನನ್ನ ಕಾಳಜಿ.

● ಸದಾ ಚಾರ್ಜಿಗೆ ಹಾಕಿಟ್ಟು ಬಳಸುವುದಾದರೆ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಹಲವು ಲ್ಯಾಪ್‌ಟಾಪ್‌ಗಳಲ್ಲಿದೆ, ಅದನ್ನು ಆನ್ ಮಾಡಿ. ಲಿಥಿಯಂ ಬ್ಯಾಟರಿ ಬಾಳಿಕೆ ಬರುತ್ತದೆ. ಹಾಸಿಗೆಯ ಮೇಲಿಟ್ಟು ಬಳಸಿದರೆ ಕೆಳಗಿನ ಗಾಳಿಕಿಂಡಿ ಮುಚ್ಚಿ ಯಂತ್ರ ಬಿಸಿಯಾಗುತ್ತದೆ.

● ಸಾಮಾನ್ಯ ವಾರಂಟಿಯಲ್ಲಿ ಬಿದ್ದು ಒಡೆದ ಪರದೆ, ನೀರು ಚೆಲ್ಲಿ ಕೆಟ್ಟ ಕೀಲಿಮಣೆ ಸೇರುವುದಿಲ್ಲ. ಮಕ್ಕಳ ಕೈಯಲ್ಲಿ ಆಗುವುದು ಇವೇ ಎರಡು. ಆಕಸ್ಮಿಕ ಹಾನಿಗೆಂದು ಬೇರೆ ಕವರ್ ಇರುತ್ತದೆ, ಬಿಲ್ ಮಾಡಿಸುವಾಗಲೇ ಅದರ ದರ ಕೇಳಿ. ನೀರು ಚೆಲ್ಲಿದರೆ ತಕ್ಷಣ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿಹಿಡಿದು ಆರಿಸಿ, ತೆರೆದು ಬೋರಲಾಗಿಟ್ಟು, ಮತ್ತೆ ಆನ್ ಮಾಡದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಇದನ್ನು ಮಗುವಿಗೂ ಮೊದಲೇ ಹೇಳಿಕೊಟ್ಟಿರಿ. ಬೈಗುಳಕ್ಕೆ ಹೆದರಿ ಒರೆಸಿಟ್ಟು ಸುಮ್ಮನಾದರೆ, ಮಾರನೇ ದಿನ ಆನ್ ಮಾಡಿದಾಗ ಬೋರ್ಡೇ ಹೋಗಿರಬಹುದು.