ಬಾವಿಗೆ ಬಿದ್ದ ಗಡಿಗೆಗಳು ಹೇಳುವ ಕಾಲ

ಊರಿನಲ್ಲಿ ಬಾವಿಯ ನೀರು ಸೇದಿ ಬೆಳೆದವರಿಗೆ ಪಾತಾಳಗರಡಿಯ ನೆನಪು ಇದ್ದೇ ಇರುತ್ತದೆ. ಹಗ್ಗ ಹರಿದು ಕೊಡ ನೀರಿಗೆ ಬಿದ್ದಿತೆಂದರೆ, ಆ ಕೊಕ್ಕೆಗಳ ಗೊಂಚಲು ಯಾರ ಮನೆಯಲ್ಲಿದೆಯೋ ಅಲ್ಲಿಂದ ಕೇಳಿ ತಂದು ಇಳಿಬಿಟ್ಟು ತಡಕಾಡಬೇಕು. ನಮ್ಮ ಕೊಡದ ಬದಲು ಪಕ್ಕದ ಮನೆಯವರು ಎಂದೋ ಕಳೆದುಕೊಂಡ ತಂಬಿಗೆ ಮೇಲೆ ಬಂದರೂ ಬಂತು! ತಾಮ್ರದ ಕೊಡವಾದರೆ ಇಷ್ಟು ಪಾಡು ಪಡುತ್ತೇವೆ. ಮಣ್ಣಿನ ಗಡಿಗೆಯಾದರೆ ಬಿದ್ದದ್ದು ಬಿದ್ದಂತೆಯೇ. ಯಾರೂ ತಿರುಗಿ ನೋಡುವುದಿಲ್ಲ. ಈಗ ದೆಹಲಿಯ ಕ್ವಾರ್ಟರ್ಸಿನ ಮೂರನೆಯ ಮಹಡಿಯಲ್ಲಿ, ನಲ್ಲಿಯ ಮುಂದೆ ಬಕೆಟ್ಟು ಹಿಡಿದು ನಿಲ್ಲುವ ನಮಗೆ ಈ ಹಳೆಯ ಸಂಗತಿ ನೆನಪಾದುದು ಗ್ರೀಸ್ ದೇಶದ ಬಾವಿಗಳ ವಿಷಯವನ್ನು ಓದುತ್ತಿದ್ದಾಗ. ಹೀಗೆ ಯಾರೂ ತಿರುಗಿ ನೋಡದ ಗಡಿಗೆಗಳಿಂದಲೇ ಅಲ್ಲಿನ ವಿದ್ವಾಂಸರು ಒಂದು ಪಟ್ಟಣದ ಪಂಚಾಂಗವನ್ನು ಬರೆದಿದ್ದಾರೆ.

ಆ ಪಟ್ಟಣ ಅಥೆನ್ಸ್. ಅದರ ನಡುವೆ ಅಗೋರ ಎಂಬ ಪೇಟೆಯ ಚೌಕವಿತ್ತು. ಸಂತೆ, ಸಭೆ, ನ್ಯಾಯಾಲಯ, ಹರಟೆ ಎಲ್ಲಕ್ಕೂ ಅದೇ ಸ್ಥಳ. ಅಮೆರಿಕದ ವಿದ್ವತ್ ಸಂಸ್ಥೆಯೊಂದು 1931ರಲ್ಲಿ ಅಲ್ಲಿ ಅಗೆಯಲು ತೊಡಗಿತು. ಮೇಲೆ ನಿಂತಿದ್ದ ಮನೆಗಳನ್ನು ಕೊಂಡು ಕೆಡವಿ ಅಗೆಯುತ್ತ ಹೋದಂತೆ ಕಂಬ ಕಟ್ಟಡಗಳ ಜತೆಗೆ ನಾಲ್ಕುನೂರಕ್ಕೂ ಹೆಚ್ಚು ಬಾವಿಗಳು ಸಿಕ್ಕಿದುವು. ನೆಲದ ಮೇಲಿನದನ್ನು ಶತ್ರುಗಳು ಸುಡುತ್ತಾರೆ, ಮುಂದಿನವರು ಕಿತ್ತು ತಮ್ಮ ಮನೆಗೆ ಕಲ್ಲಾಗಿ ಒಯ್ಯುತ್ತಾರೆ. ಬಾವಿಯ ತಳಕ್ಕೆ ಇಳಿದು ಯಾರು ಕದಿಯಬೇಕು? ಹಾಗಾಗಿ ಅಲ್ಲಿ ಇದ್ದದ್ದು ಇದ್ದಲ್ಲಿಯೇ ಉಳಿಯಿತು.

ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ನಮ್ಮಂಥವರಿಗೆ ಬಾವಿಯ ವ್ಯವಸ್ಥೆ ಬಲು ಬೇಗ ತಿಳಿಯುತ್ತದೆ. ಕಡತದಲ್ಲಿ ಹಳೆಯ ಕಾಗದ ಅಡಿಗೆ, ಹೊಸದು ಮೇಲೆ. ಬಾವಿಯಲ್ಲಿಯೂ ಅಷ್ಟೆ. ಆದರೆ ಒಂದೇ ಬಾವಿಯಲ್ಲಿ ಮೂರು ಬಗೆಯ ಕಾಗದಗಳಿರುತ್ತವೆ. ತೋಡಿದ ಕಾಲಕ್ಕೆ ಬಾವಿಯ ಗೋಡೆ ಕುಸಿಯದಿರಲೆಂದು ಸುಟ್ಟ ಮಣ್ಣಿನ ಬಾಗಿದ ಹಂಚುಗಳನ್ನು ಬಳೆಯಂತೆ ಒಂದರ ಮೇಲೊಂದು ಜೋಡಿಸುತ್ತಿದ್ದರು. ಆ ಹಂಚಿಗೂ ಹೊರಗಿನ ಮಣ್ಣಿಗೂ ನಡುವಿನ ಸಂದಿನಲ್ಲಿ ಸೇರಿಕೊಂಡ ಚೂರುಗಳು ಬಾವಿ ತೋಡಿದ ಕಾಲವನ್ನು ಹೇಳುತ್ತವೆ. ತಳದ ಕೆಸರಿನಲ್ಲಿ ಸಿಗುವುದು ನೀರು ಸೇದುವಾಗ ಜಾರಿಬಿದ್ದ ಪಾತ್ರೆಗಳು. ಇವು ನೀರಿನ ಕೊಡಗಳೇ. ಕೆಸರಿನ ಮೇಲೆ ಮೆತ್ತಗೆ ಬಿದ್ದುದರಿಂದ ಎಷ್ಟೋ ಸಲ ಇಡಿಯಾಗಿಯೇ ಸಿಗುತ್ತವೆ. ಬಾವಿ ಬಳಕೆಯಲ್ಲಿದ್ದ ಇಪ್ಪತ್ತೋ ಐವತ್ತೋ ವರ್ಷಗಳ ದಾಖಲೆ ಅದು. ಆಮೇಲೆ ನೀರು ಬತ್ತಿತೋ, ಗೋಡೆ ಜರಿಯಿತೋ, ಬಾವಿ ಕೆಲಸಕ್ಕೆ ಬಾರದೆ ಹೋದಾಗ ಮನೆಯ ಕಸವನ್ನೆಲ್ಲ ಸುರಿದು ಮುಚ್ಚಿಬಿಡುತ್ತಿದ್ದರು. ಒಡೆದ ಬಟ್ಟಲು, ದೀಪ, ಒಲೆಯ ಚೂರು, ಎಲುಬು, ಹಂಚು. ಇದು ಮೇಲಿನ ಪದರ. ಈ ಕಸ ಒಂದೇ ಸಲ ಬಿದ್ದದ್ದೋ ಅಥವಾ ವರ್ಷಗಟ್ಟಲೆ ಬೀಳುತ್ತ ಬಂದದ್ದೋ ಎಂದು ತಿಳಿಯುವ ಉಪಾಯವೂ ಸರಳವಾದುದೇ. ಮೇಲುಗಡೆ ಸಿಕ್ಕಿದ ಚೂರು ಎಷ್ಟೋ ಅಡಿ ಕೆಳಗೆ ಸಿಕ್ಕಿದ ಚೂರಿಗೆ ಸರಿಯಾಗಿ ಕೂಡಿಕೊಂಡು ಒಂದೇ ಬಟ್ಟಲಾದರೆ, ಅಷ್ಟೂ ಕಸ ಒಂದೇ ಗಳಿಗೆಯದು ಎನ್ನಬೇಕು.

ನೀರು ಕೂಡಿಡುವ ತೊಟ್ಟಿಗಳ ರೀತಿ ಬೇರೆ. ಕ್ರಿ. ಪೂ. ನಾಲ್ಕನೆಯ ಶತಮಾನದ ನಡುಭಾಗದಿಂದ ಅಥೆನ್ಸಿನ ಮನೆಗಳಲ್ಲಿ ಇವು ಹೆಚ್ಚಾದುವು. ಬಂಡೆಯಲ್ಲಿ ಸೀಸೆಯ ಆಕಾರದಲ್ಲಿ, ಕೊರಳು ಕಿರಿದಾಗಿ ಒಡಲು ಅಗಲವಾಗಿ ಕೊರೆದು, ಒಳಗೆ ನೀರು ಇಂಗದಂತೆ ಗಾರೆ ಬಳಿದು, ಮಾಡಿನ ಮಳೆನೀರನ್ನು ಅದಕ್ಕೆ ಬಿಡುತ್ತಿದ್ದರು. ಕೆಲವೆಡೆ ಎರಡು ತೊಟ್ಟಿಗಳಿಗೆ ನಡುವೆ ಸುರಂಗವೂ ಉಂಟು. ಗಾರೆ ಬಿರುಕು ಬಿಟ್ಟಾಗ ಅದೂ ಕಸದ ಗುಂಡಿಯಾಯಿತು. ಹೋಮರ್ ಥಾಂಪ್ಸನ್ ಎಂಬ ವಿದ್ವಾಂಸರು 1934ರಲ್ಲಿ ಹೆಚ್ಚಾಗಿ ಇಂಥ ತೊಟ್ಟಿಗಳಿಂದಲೇ ತೆಗೆದ ಐದು ಗುಂಪು ಪಾತ್ರೆಗಳನ್ನು ಒಂದರ ಹಿಂದೊಂದು ಕಾಲಕ್ರಮದಲ್ಲಿ ನಿಲ್ಲಿಸಿ, ಎರಡು ಶತಮಾನಗಳ ಮಡಕೆಯ ಚರಿತ್ರೆಯನ್ನು ಬರೆದರು.

ಚೂರನ್ನು ನೋಡಿ ಕಾಲ ಹೇಳುವುದು ಹೇಗೆ? ಹೆಂಗಸರು ಸೀರೆಯ ಅಂಚನ್ನು ನೋಡಿ ಇದು ಯಾವ ಕಾಲದ ಮದುವೆಯದೆಂದು ಹೇಳುವುದಿಲ್ಲವೆ? ಹಾಗೆಯೇ ಇದೂ. ಬಟ್ಟಲಿನ ಪಾದ, ತುಟಿ, ಹಿಡಿಯ ಬಾಗು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತವೆ. ಕೆಂಪು ಮಣ್ಣಿನ ಮೇಲೆ ಕಪ್ಪು ಚಿತ್ರ ಬರೆಯುತ್ತಿದ್ದವರು ಕ್ರಿ. ಪೂ. 525ರ ಸುಮಾರಿಗೆ ಹಿನ್ನೆಲೆಯನ್ನು ಕಪ್ಪಾಗಿಸಿ ಚಿತ್ರವನ್ನು ಕೆಂಪಾಗಿ ಬಿಡತೊಡಗಿದರು. ಮಣ್ಣಿನ ಪಾತ್ರೆ ಅಗ್ಗ, ಬೇಗ ಒಡೆಯುತ್ತದೆ, ಒಡೆದರೆ ಯಾರೂ ಕೂಡಿಡುವುದಿಲ್ಲ. ಅದೇ ಅದರ ಗುಣ. ನಾಣ್ಯವಾದರೆ ಅಜ್ಜನ ಕಾಲದ್ದು ಮೊಮ್ಮಗನ ಕೈಯಲ್ಲಿಯೂ ಇರಬಹುದು.

ಇಲ್ಲಿ ಒಂದು ಸಂಶಯ ನಮ್ಮನ್ನು ಕಾಡಿತು. ಮಡಕೆಯಿಂದ ಬಾವಿಯ ಕಾಲ, ಬಾವಿಯಿಂದ ಮಡಕೆಯ ಕಾಲ ಎಂದರೆ ಏನಾಯಿತು? ‘ಆ ಕಡತವನ್ನು ನೋಡಿ’ ಎಂದು ಈ ಕಡತದಲ್ಲಿ, ‘ಈ ಕಡತವನ್ನು ನೋಡಿ’ ಎಂದು ಆ ಕಡತದಲ್ಲಿ ಬರೆದಂತಾಗಲಿಲ್ಲವೆ? ಕಚೇರಿಯಲ್ಲಿ ಈ ಆಟವನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇದರಿಂದ ಹೊರಬರಲು ಚರಿತ್ರೆಯೇ ಹೊಡೆದ ಗೂಟಗಳು ಬೇಕು. ಕ್ರಿ. ಪೂ. 480-479ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಸುಟ್ಟರು. ಕ್ರಿ. ಪೂ. 348ರಲ್ಲಿ ಒಲಿಂತಸ್ ಪಟ್ಟಣ ಹಾಳಾಯಿತು. ಕ್ರಿ. ಪೂ. 86ರಲ್ಲಿ ರೋಮನ್ ಸೇನಾನಿ ಸುಲ್ಲ ಅಥೆನ್ಸನ್ನು ಸೂರೆಗೊಂಡನು. ಈ ಗೂಟಗಳ ನಡುವೆ ಹಗ್ಗ ಕಟ್ಟಿ, ಮಡಕೆಗಳನ್ನು ಸಾಲಾಗಿ ತೂಗುಹಾಕಿದ್ದಾರೆ.

ಮೊದಲನೆಯ ಗೂಟದ ಕಥೆ ಮನಮುಟ್ಟುವಂಥದು. ಶತ್ರು ಬರುತ್ತಾನೆಂದು ಊರೇ ಬಿಟ್ಟುಹೋದ ಜನ ತಿರುಗಿ ಬಂದು ನೋಡಿದರೆ ಮನೆಗಳು ಹಾಳು. ಗುಡಿಸಿದ ಅವಶೇಷವನ್ನೆಲ್ಲ ಬಾವಿಗೆ ಸುರಿದರು. ಅಗೋರದ ಬಳಿಯ ಅಂಥದೊಂದು ಮನೆಯ ಬಾವಿಯನ್ನು 1994-95ರಲ್ಲಿ ಅಗೆದರು. ಅದರ ಪಾತ್ರೆಗಳನ್ನು ಕ್ಯಾಥ್ಲೀನ್ ಲಿಂಚ್ ಎಂಬ ವಿದುಷಿ 2011ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನೆಂಟರನ್ನು ಕರೆದು ಕುಡಿಯುವ ಬಟ್ಟಲುಗಳು, ಅಡಿಗೆಯ ಮಡಕೆಗಳು, ಒಂದು ಸಂಸಾರದ ಸಾಮಾನು ಸರಂಜಾಮು ಅಷ್ಟೂ ಅದರಲ್ಲಿತ್ತು. ಊರು ಬಿಡುವಾಗ ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ಅಳೆದು ಸುರಿದವರಿಗೆ ಆ ಮನೆಯಾಕೆಯ ಸಂಕಟ ಅರ್ಥವಾದೀತು.

ಗೂಟಗಳ ವಿಷಯದಲ್ಲಿಯೂ ಜಗಳ ನಡೆಯದೆ ಇಲ್ಲ. 1980ರ ದಶಕದಲ್ಲಿ ಫ್ರಾನ್ಸಿಸ್ ಮತ್ತು ವಿಕರ್ಸ್ ಎಂಬಿಬ್ಬರು, ಈ ಕಾಲಗಣನೆಯನ್ನು ಅರ್ಧ ಶತಮಾನದಷ್ಟು ಈಚೆಗೆ ಎಳೆಯಬೇಕೆಂದು ವಾದಿಸಿದರು. ಬಹುಮಂದಿ ಒಪ್ಪಲಿಲ್ಲ. ಆದರೆ ಅವರಿಗೆ ಉತ್ತರ ಕೊಡುವುದಕ್ಕಾಗಿ ಹಳೆಯ ಬಾವಿಗಳ ಲೆಕ್ಕವನ್ನೆಲ್ಲ ಮತ್ತೆ ಒಂದೊಂದಾಗಿ ತೆರೆಯಬೇಕಾಯಿತು. 1993ರಲ್ಲಿ ಕಿರಿಯ ಲೆಸ್ಲಿ ಶಿಯರ್ ಅವರು ಪರ್ಷಿಯನ್ ದಾಳಿಯ ಬಾವಿಗಳನ್ನು ಕುರಿತು ಬರೆದ ಲೇಖನ ಪ್ರಸಿದ್ಧವಾದುದು. ಇದಕ್ಕೆ ಸಾಧ್ಯವಾದುದು ದಾಖಲೆ ಅಚ್ಚುಕಟ್ಟಾಗಿದ್ದುದರಿಂದ. ಲೂಸಿ ಟಾಲ್ಕಟ್ ಎಂಬಾಕೆ ಆರಂಭದಲ್ಲಿಯೇ, ಯಾವ ವಸ್ತು ಎಲ್ಲಿ ಸಿಕ್ಕಿತೆಂಬುದನ್ನು ತಟ್ಟನೆ ಹುಡುಕಬಹುದಾದ ದಾಖಲಾ ಪದ್ಧತಿಯನ್ನು ನಿಲ್ಲಿಸಿದ್ದರು. ಗುಮಾಸ್ತರ ಕೈವಾಡವಿಲ್ಲದೆ ಯಾವ ಶಾಸ್ತ್ರವೂ ನಡೆಯದೆಂದು ನಾವು ಮನೆಯಲ್ಲಿ ಹೇಳಿದಾಗ ನಕ್ಕವರುಂಟು!

ಇನ್ನೊಬ್ಬ ಮಹಿಳೆ ವರ್ಜೀನಿಯಾ ಗ್ರೇಸ್. ದ್ರಾಕ್ಷಾರಸವನ್ನು ಸಾಗಿಸುತ್ತಿದ್ದ ಎರಡು ಹಿಡಿಯ ದೊಡ್ಡ ಜಾಡಿಗಳ ಹಿಡಿಯ ಮೇಲೆ ಮುದ್ರೆ ಒತ್ತುವ ಪದ್ಧತಿಯಿತ್ತು. ರೋಡ್ಸ್ ದ್ವೀಪದ ಜಾಡಿಗಳಲ್ಲಿ ಆ ವರ್ಷದ ಸೂರ್ಯದೇವರ ಪೂಜಾರಿಯ ಹೆಸರೂ ತಿಂಗಳೂ ಇರುತ್ತವೆ. ಪೂಜಾರಿಗಳ ಸರದಿ ತಿಳಿದರೆ ವರ್ಷವೇ ತಿಳಿದಂತೆ. ಈಕೆ ತಮ್ಮ ಆಯುಷ್ಯವನ್ನೆಲ್ಲ ಈ ಹಿಡಿಗಳಿಗೇ ಸವೆಸಿದರು. 1960ರಲ್ಲಿ ಅಥೆನ್ಸಿಗೆ ಪೂರ್ವದ ಕಡಲ ತೀರದ ಕೊರೋನಿ ಎಂಬಲ್ಲಿ ಹಳೆಯ ದಂಡಿನ ಬೀಡೊಂದನ್ನು ಅಗೆದರು. ನಾಣ್ಯಗಳ ಪ್ರಕಾರ ಅದು ಕ್ರಿ. ಪೂ. 260ರ ದಶಕದ ಯುದ್ಧದ್ದು. ಆದರೆ ಅಲ್ಲಿಯ ಮಡಕೆಗಳನ್ನು ಪಂಡಿತರು ಅದಕ್ಕಿಂತ ಹಿಂದಿನವೆಂದು ಎಣಿಸಿದ್ದರು. ಯಾವುದು ತಪ್ಪು? ಗ್ರೇಸ್ ಅವರು ಮೊದಲು ತಮ್ಮ ಜಾಡಿಗಳ ಪಕ್ಷವನ್ನೇ ಹಿಡಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1974ರಲ್ಲಿ, ತಾವೇ ಲೇಖನ ಬರೆದು ತಮ್ಮ ಲೆಕ್ಕವನ್ನು ಈಚೆಗೆ ಸರಿಸಿದರು. ಥಾಂಪ್ಸನ್ ಅವರ ಗುಂಪುಗಳ ಕಾಲವೂ ಹೀಗೆ ಮುಂದೆ ತಿದ್ದುಪಡಿಯಾಯಿತು. ತಮ್ಮ ಟಿಪ್ಪಣಿಯನ್ನು ತಾವೇ ಹೊಡೆದುಹಾಕಿ ಸಹಿ ಮಾಡುವವರು ನಮ್ಮ ಕಚೇರಿಗಳಲ್ಲಿ ವಿರಳ.

ಹತ್ತಿಪ್ಪತ್ತು ವರ್ಷ ಆಚೆ ಈಚೆ ಆದರೆ ಯಾರಿಗೇನು ನಷ್ಟ ಎಂದು ಕೇಳುವವರಿಗೆ ಇನ್ನೊಂದು ಬಾವಿಯನ್ನು ತೋರಿಸಬೇಕು. 1930ರ ದಶಕದಲ್ಲಿ ಅಗೋರದ ಬಾವಿಯೊಂದರಲ್ಲಿ ಸುಮಾರು 450 ಎಳೆಯ ಶಿಶುಗಳ ಎಲುಬುಗಳು ಸಿಕ್ಕಿದುವು. ಜತೆಗೆ ನೂರೈವತ್ತರಷ್ಟು ನಾಯಿಗಳದೂ. ಕೇಳಿದೊಡನೆ ಕೊಲೆಯೋ ಮಾರಿಯೋ ಎಂದು ಎದೆ ನಡುಗುತ್ತದೆ. ಆದರೆ ಜತೆಯಲ್ಲಿದ್ದ ಮಡಕೆಗಳನ್ನು ಸೂಸನ್ ರೋಟ್ರಾಫ್ ಅವರು ಪರಿಶೀಲಿಸಲಾಗಿ, ಅವು ಒಂದು ದಿನದವಲ್ಲ, ಕ್ರಿ. ಪೂ. 165ರಿಂದ 150ರವರೆಗಿನ ಹದಿನೈದು ವರ್ಷಗಳಷ್ಟು ಕಾಲದವು ಎಂದು ತೋರಿತು. ಎಲುಬುಗಳನ್ನು ನೋಡಿದ ತಜ್ಞರಿಗೆ ಬಹುಪಾಲು ಕೂಸುಗಳು ಹುಟ್ಟಿದ ವಾರದೊಳಗೆ ಸಹಜ ಕಾಯಿಲೆಗಳಿಂದಲೇ ತೀರಿಕೊಂಡಂತೆ ಕಂಡಿತು. ಇನ್ನೂ ಹೆಸರಿಡದ ಕೂಸನ್ನು ಕಳೆದುಕೊಂಡ ಮನೆಯವರ ಪರವಾಗಿ ಸೂಲಗಿತ್ತಿಯರು ತಂದು ಇಲ್ಲಿ ಬಿಡುತ್ತಿದ್ದಿರಬಹುದೆಂಬುದು 2018ರಲ್ಲಿ ಪ್ರಕಟವಾದ ಅವರ ಗ್ರಂಥದ ಅಭಿಪ್ರಾಯ. ಎರಡು ಸಾವಿರ ವರ್ಷದ ಮೇಲೆ ಆ ತಾಯಂದಿರ ಮೇಲಿನ ಅಪವಾದವನ್ನು ಕಳೆದದ್ದರಲ್ಲಿ ಒಡೆದ ಮಡಕೆಗಳಿಗೂ ಪಾಲುಂಟು.

ಈ ವಿದ್ಯೆ ಕನ್ನಡ ನಾಡಿಗೂ ಕಡಲು ದಾಟಿ ಬಂದಿದೆ. 1945ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಕೆಂಪು ಬಟ್ಟಲುಗಳನ್ನೂ ಪಶ್ಚಿಮದ ಜಾಡಿಗಳನ್ನೂ ಕಂಡರು. ಅವುಗಳ ಕಾಲ ಮೊದಲೇ ಗೊತ್ತಿದ್ದುದರಿಂದ, ಜತೆಗೆ ಸಿಕ್ಕಿದ ನಮ್ಮ ದೇಶದ ಮಡಕೆಗಳಿಗೂ ಕಾಲ ಕಟ್ಟಿದರು. ಆ ಎಳೆಯನ್ನು ಹಿಡಿದೇ 1947ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆದರು. ಚಂದ್ರವಳ್ಳಿಯಲ್ಲಿ ಅದೇ ಅರಿಕಮೇಡಿನ ಬಗೆಯ, ಒಳತಳದಲ್ಲಿ ಸಾಲುಸಾಲು ಗೀರು ಮೂಡಿಸಿದ ತಟ್ಟೆಯ ಚೂರುಗಳು ದೊರೆತುವು. ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ದೊರೆಯಿತು. ಮುಂದೆ ವಿಮಲಾ ಬೆಗ್ಲಿ ಎಂಬ ವಿದುಷಿ ಆ ತಟ್ಟೆಗಳು ವ್ಹೀಲರ್ ಎಣಿಸಿದ್ದಕ್ಕಿಂತ ಹಿಂದೆಯೇ ಆರಂಭವಾದುವೆಂದು ವಾದಿಸಿ, ಆ ಲೆಕ್ಕವನ್ನೂ ತಿದ್ದಿದರು. ರಜೆಯಲ್ಲಿ ಮಕ್ಕಳಿಗೆ ಚಿತ್ರದುರ್ಗದ ಕೋಟೆ ತೋರಿಸಲು ಹೋಗುವವರು ಚಂದ್ರವಳ್ಳಿಯನ್ನೂ ನೋಡಿಕೊಂಡು ಬರಬಹುದು. ಕೋಟೆಯಿಂದ ಅದು ಬಹಳ ದೂರವೇನಲ್ಲ.