ಪುಡಿಗಾಸಿನ ವಾಷರ್, ಮೂಟೆಗಟ್ಟಲೆ ನಷ್ಟ!

ಕೆಳಗೆ ದಿನಸಿ ಅಂಗಡಿ, ಮೇಲೆ ಸಂಸಾರ. ಪೇಟೆ ಬೀದಿಯಲ್ಲಿ ಇದು ಮಾಮೂಲು. ರಾತ್ರಿ ನಲ್ಲಿ ನೀರು ಬಂದು ಮೇಲಿನ ಟ್ಯಾಂಕ್ ತುಂಬಿ ಹರಿಯಿತೋ, ಬೆಳಗ್ಗೆ ಶೆಟರ್ ಎತ್ತಿದ ಸಾಹುಕಾರರಿಗೆ ಕಾಣುವುದು ಒದ್ದೆ ಸಕ್ಕರೆ ಮೂಟೆ! "ನಿಮ್ಮ ಟ್ಯಾಂಕು ಸ್ವಾಮೀ", "ನಿಮ್ಮ ಮಾಳಿಗೇನೇ ಹಳೇದು" ಎಂದು ಜಗಳ ಬೇರೆ.

ತಪ್ಪು ಬಹುತೇಕ ಟ್ಯಾಂಕಿನೊಳಗಿನ ಬಾಲ್ ಕಾಕ್‌ನದು. ವಾಷರ್ ಸವೆದರೆ ಚೆಂಡು ತೇಲಿ ಮೇಲೆದ್ದರೂ ನೀರು ನಿಲ್ಲದು. ಸೆಕೆಂಡಿಗೊಂದು ಹನಿಯಾದರೂ ದಿನಕ್ಕೆ 86,400 ಹನಿ; ಹೆಚ್ಚುಕಡಿಮೆ 20 ಲೀಟರ್.

ಟ್ಯಾಂಕ್ ತುಂಬಿದ ಮೇಲೆ, ನೀರು ಇನ್ನೂ ಬರುತ್ತಿರುವಾಗಲೇ, ನಲ್ಲಿಗಳನ್ನೆಲ್ಲ ಬಿಗಿದು ಮೀಟರ್ ನೋಡಬೇಕು. ಮುಳ್ಳು ತಿರುಗುತ್ತಿದ್ದರೆ ಸೋರಿಕೆ ಖಾತ್ರಿ. ವಾಷರ್ ಬೆಲೆ ಪುಡಿಗಾಸು. ಆದರೆ ಪ್ಲಂಬರ್‌ನನ್ನು ಕರೆಯಬೇಕಾದವರು ಯಾರೆಂಬುದೇ ತೀರ್ಮಾನವಾಗುವುದಿಲ್ಲ: ಮನೆಯವರೋ, ಅಂಗಡಿಯವರೋ, ಮಾಲೀಕರೋ? ಅಷ್ಟರಲ್ಲಿ ನೀರು ಸ್ವಿಚ್ ಬೋರ್ಡಿಗಿಳಿದರೆ ಮೂಟೆಯ ಮಾತು ಹಾಗಿರಲಿ, ಪ್ರಾಣಕ್ಕೇ ಸಂಚಕಾರ.