ನಳಿಗೆ ಪಳಗುವ ಮುನ್ನ

ಹೊಸ ಕಾವಲಿಯ ಮೇಲೆ ಹೊಯ್ದ ಮೊದಲ ದೋಸೆ ಎದ್ದು ಬರುವುದಿಲ್ಲವೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಕಾವಲಿ ಅಂಗಡಿಯಿಂದ ಮನೆಗೆ ಬಂದ ಮಾತ್ರಕ್ಕೆ ಕೆಲಸಕ್ಕೆ ಒದಗದು. ಎಣ್ಣೆ ಸವರಿ, ಈರುಳ್ಳಿಯಿಂದ ಉಜ್ಜಿ, ನಾಲ್ಕಾರು ದಿನ ಕಾಯಿಸಿ ಆರಿಸಿದ ಮೇಲೆಯೇ ಅದು ಪಳಗುವುದು. ಆನೆಗೂ ಕುಶಲಿಯ ಕೈಗೂ ಕಾವಲಿಗೂ ನಮ್ಮ ಭಾಷೆ ಇಟ್ಟುಕೊಂಡಿರುವ ಈ ಒಂದೇ ಮಾತು ಬಂದೂಕಿನ ನಳಿಗೆಗೂ ಸಲ್ಲುತ್ತದೆಂದು ನನಗೆ ತಿಳಿದದ್ದು ಇತ್ತೀಚೆಗೆ, ಪೀಣ್ಯದ ಕಡೆಯ ನಮ್ಮ ಬೀದಿಯಲ್ಲಿ.

ನೆರೆಮನೆಯ ಹಿರಿಯರು ನಿವೃತ್ತ ಟರ್ನರು. ಮೂವತ್ತು ವರ್ಷ ಉಕ್ಕಿನ ಕೊಳವೆಗಳ ಒಳಮೈಯನ್ನು ಕೊರೆದು ನಯಗೊಳಿಸಿದವರು. ಉದ್ದವಾದ ಸಣ್ಣ ರಂಧ್ರವನ್ನು ಡೊಂಕಿಲ್ಲದೆ ಕೊರೆಯುವ ವಿದ್ಯೆಗೆ ಯಂತ್ರಶಾಲೆಗಳಲ್ಲಿ ಇಂದಿಗೂ ‘ಗನ್ ಡ್ರಿಲ್ಲಿಂಗ್’ ಎಂದೇ ಹೆಸರು. ಕೊರೆಯುವುದು ಅಚ್ಚಿನ ತುಂಡಾಗಲಿ, ಎಂಜಿನ್ನಿನ ಭಾಗವಾಗಲಿ, ಹೆಸರು ಮಾತ್ರ ಬಂದೂಕಿನದು. ಒಂದು ಸಂಜೆ ಅವರೆಂದರು: “ಮೇಷ್ಟ್ರೇ, ಹೊಸ ಯಂತ್ರ ಮೊದಲ ದಿನ ತೋರಿಸೋ ಅಳತೆನ ನಂಬಬಾರದು. ಅದು ಇನ್ನೂ ತನ್ನನ್ನ ತಾನೇ ಅರಿತಿರೋಲ್ಲ.”

ಈ ಮಾತಿನ ಬೆನ್ನು ಹತ್ತಿದಾಗ ಸಿಕ್ಕಿದ ಸಂಗತಿ ಸ್ವಾರಸ್ಯವಾದದ್ದು. ಹೊಸ ರೈಫಲಿನಿಂದ ಒಂದೇ ಬಗೆಯ ತೋಟಾಗಳನ್ನು ಒಂದರ ಮೇಲೊಂದು ಹಾರಿಸಿದರೂ ಗುಂಡಿನ ವೇಗ ಒಂದೇ ಆಗಿ ನಿಲ್ಲುವುದಿಲ್ಲ. ಅನೇಕ ನಳಿಗೆಗಳಲ್ಲಿ ಮೊದಲ ನೂರು ಇನ್ನೂರು ಗುಂಡುಗಳು ಸಾಗುವಷ್ಟರಲ್ಲಿ ವೇಗವು ಸೆಕೆಂಡಿಗೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಮೀಟರುಗಳಷ್ಟು ಏರಿ, ಆಮೇಲೆ ಒಂದು ಮಟ್ಟದಲ್ಲಿ ನೆಲೆಸುತ್ತದೆ. ಮದ್ದು ಅದೇ, ಗುಂಡು ಅದೇ, ಕೈಯೂ ಅದೇ, ಬದಲಾಗಿರುವುದು ನಳಿಗೆಯೊಂದೇ.

ಅಹಿಂಸೆಯ ಪಾಠ ಹೇಳುವ ಕನ್ನಡ ಮೇಷ್ಟರಿಗೆ ಕೊಲ್ಲುವ ಸಲಕರಣೆಯ ಗೊಡವೆ ಏಕೆ ಎಂದು ವಾಚಕರು ಹುಬ್ಬೇರಿಸಬಹುದು. ಸಲಕರಣೆ ಈಗ ನಮ್ಮ ಊರಿನದೇ ಆಗಿದೆ ಎಂಬುದು ನನ್ನ ಉತ್ತರ. ಸ್ಪ್ರಿಂಗುಗಳ ತಯಾರಿಕೆಗೆ ಹೆಸರಾದ ಬೆಂಗಳೂರಿನ ಮನೆತನವೊಂದಕ್ಕೆ ಸೇರಿದ ಎಸ್.ಎಸ್.ಎಸ್. ಡಿಫೆನ್ಸ್ ಸಂಸ್ಥೆಯು 2020ರಲ್ಲಿ ‘ವೈಪರ್’ ಮತ್ತು ‘ಸೇಬರ್’ ಎಂಬ ಎರಡು ದೂರಗುರಿಯ ರೈಫಲುಗಳ ಮಾದರಿಗಳನ್ನು ಹೊರತಂದಿತು. ಎರಡನೆಯದು .338 ಲಪುವಾ ಮ್ಯಾಗ್ನಮ್ ಎಂಬ ತೋಟಾ ಹಾರಿಸುವಂಥದು. ಅದರ ಪರಿಣಾಮಕಾರಿ ದೂರ 1500 ಮೀಟರ್. 2024ರಲ್ಲಿ ಇಂತಹ ರೈಫಲುಗಳಿಗೆ ಮಿತ್ರರಾಷ್ಟ್ರವೊಂದರಿಂದ ಬೇಡಿಕೆಯೂ ಬಂದಿತು. ಲೇತಿನ ಸದ್ದಿಗೂ ಕಂಪ್ಯೂಟರಿಗೂ ಹೆಸರಾದ ಊರು ಹೀಗೆ ಗುರಿಕಾರನ ಕೈಗೂ ಆಯುಧ ಒದಗಿಸುವಂತಾಗಿದೆ.

ಈ ತೋಟಾದ ಸುಮಾರು 16 ಗ್ರಾಂ ತೂಕದ ಗುಂಡು ನಳಿಗೆಯ ಬಾಯಿಯಿಂದ ಸೆಕೆಂಡಿಗೆ 900 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಗಾಳಿಯ ತಡೆ ಇಲ್ಲದಿದ್ದರೆ ಹೊಸೂರು ರಸ್ತೆಯ ಸುಮಾರು ಹತ್ತು ಕಿಲೋಮೀಟರುಗಳ ಮೇಲ್ಸೇತುವೆಯನ್ನು ಅದು ಹನ್ನೊಂದು ಸೆಕೆಂಡುಗಳಲ್ಲಿ ಮುಗಿಸೀತು! ಆದರೂ ಭೂಮಿಯ ಸೆಳೆತ ಅದನ್ನು ಬಿಡದು. ಸಾವಿರ ಮೀಟರು ದೂರ ತಲುಪುವಾಗ ಅದು ನಳಿಗೆಯ ನೇರದಿಂದ ಒಂಬತ್ತು ಮೀಟರಿನಷ್ಟು ಕೆಳಗಿಳಿದಿರುತ್ತದೆ. ಗುರಿಕಾರನು ಈ ಇಳಿತವನ್ನು ದೂರಕ್ಕೆ ತಕ್ಕಂತೆ ಲೆಕ್ಕಹಾಕಿ ಕೋಷ್ಟಕ ಬರೆದಿಟ್ಟುಕೊಂಡು, ಅದರಂತೆ ದೂರದರ್ಶಕದ ತಿರುಪು ತಿರುಗಿಸುತ್ತಾನೆ.

ಈಗ ನೋಡಿ. ಹೊಸ ನಳಿಗೆಯಿಂದ ಹತ್ತು ಗುಂಡು ಹಾರಿಸಿ, ವೇಗವನ್ನು ಅಳೆದು, ಕೋಷ್ಟಕ ಸಿದ್ಧಮಾಡಿದನೆನ್ನೋಣ. ನೂರೈವತ್ತನೆಯ ಗುಂಡಿನ ಹೊತ್ತಿಗೆ ವೇಗವು ಇಪ್ಪತ್ತು ಮೀಟರು ಏರಿದೆ. ಸಾವಿರ ಮೀಟರಿನಲ್ಲಿ ಅವನ ಗುಂಡು ಗುರಿಗಿಂತ ಹೆಚ್ಚುಕಡಿಮೆ ಒಂದು ಮೊಳ ಮೇಲೆ ಹಾಯ್ದುಹೋಗುತ್ತದೆ. ಗಡಿಯ ಹಿಮದಲ್ಲಿ ಮಲಗಿ ಒಂದೇ ಒಂದು ಗುಂಡಿನ ಅವಕಾಶಕ್ಕಾಗಿ ದಿನವಿಡೀ ಕಾಯ್ದವನಿಗೆ ಆ ಮೊಳದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಗುರಿ ತಪ್ಪಿದ ಸದ್ದು ಅವನಿರುವ ಜಾಗವನ್ನೂ ಹೇಳಿಬಿಡುತ್ತದೆ.

ಏರುವುದಾದರೂ ಏಕೆ? ನಳಿಗೆಯ ಒಳಗೆ ಸುರುಳಿಗೆರೆಗಳಿರುತ್ತವೆ. ಗುಂಡಿಗೆ ಗಿರಕಿ ಕೊಡುವವು ಅವು. ತೋಟಾ ಕೂರುವ ಗೂಡಿನ ಮುಂದೆ, ಗೆರೆಗಳು ಆರಂಭವಾಗುವ ಜಾಗಕ್ಕೆ ಕುಶಲಿಗಳು ‘ಗಂಟಲು’ ಎನ್ನುತ್ತಾರೆ. ಗೂಡನ್ನೂ ಗಂಟಲನ್ನೂ ಕೊರೆದ ರೀಮರು ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು, ಗುಂಡಿನ ದಾರಿಗೆ ಅಡ್ಡವಾಗಿ, ಬಿಟ್ಟಿರುತ್ತದೆ. ಮೊದಲ ಗುಂಡುಗಳ ತಾಮ್ರದ ಹೊದಿಕೆಯನ್ನು ಇವು ಹೆರೆಯುತ್ತವೆ. ಗುಂಡುಗಳು ಸಾಗಿದಂತೆ ಗೀರುಗಳು ಸವೆದು, ದಾರಿ ನಯವಾಗುತ್ತದೆ. ನಯವಾದ ದಾರಿಯಲ್ಲಿ ಬಂಡಿ ಬೇಗ ಓಡುವುದಲ್ಲವೇ? ಆದ್ದರಿಂದ ವೇಗ ಏರುತ್ತದೆ. ಇದು ಮೊದಲ ನೋಟದ ಉತ್ತರ, ಬಹುಮಂದಿ ಒಪ್ಪಿಕೊಂಡಿರುವ ಉತ್ತರವೂ ಹೌದು.

ನನಗೂ ಇದು ಸಾಕೆನಿಸಿತ್ತು. ಆದರೆ ಇದಕ್ಕೆ ಅಡ್ಡಿಯಾಗಿ ಒಂದು ಸಂಗತಿಯಿದೆ. ಕೆಲವರು ಗುಂಡಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಜಾರುವ ಪುಡಿಯ ಲೇಪ ಕೊಡುತ್ತಾರೆ. ಅಷ್ಟೇ ಮದ್ದಿನಿಂದ ಹಾರಿಸಿದರೆ ಲೇಪದ ಗುಂಡಿನ ವೇಗ ಏರುವುದಿಲ್ಲ, ತುಸು ಇಳಿಯುತ್ತದೆ! ಬಂದೂಕಿನ ಮದ್ದು ಒಲೆಯ ಸೌದೆಯಂತಲ್ಲ. ಒತ್ತಡ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ. ಗುಂಡು ಸ್ವಲ್ಪ ತಡೆದು ನಿಂತರೆ ಒತ್ತಡ ಬೆಳೆಯುತ್ತದೆ, ಬೆಳೆದ ಒತ್ತಡ ಅದನ್ನು ಬಲವಾಗಿ ನೂಕುತ್ತದೆ. ಗುಂಡು ಸುಲಭವಾಗಿ ಜಾರಿದರೆ ಒತ್ತಡ ಮೇಲೇರುವ ಮೊದಲೇ ಮುಂದೆ ಹೋಗಿರುತ್ತದೆ. ಹಾಗಾದರೆ ನಳಿಗೆ ನಯವಾದಷ್ಟೂ ವೇಗ ಇಳಿಯಬೇಕಾಗಿತ್ತು.

ಇಲ್ಲಿಯೇ ಕಾವಲಿ ನೆನಪಾಗುವುದು. ಕಾವಲಿ ಪಳಗುವುದು ಸವೆದು ನಯವಾಗುವುದರಿಂದಲ್ಲ, ಸುಟ್ಟ ಎಣ್ಣೆಯ ಕಪ್ಪು ಪದರ ಅದರ ಮೈಗೆ ಅಂಟುವುದರಿಂದ. ನಳಿಗೆಯ ಗಂಟಲಿನಲ್ಲಿಯೂ ಮದ್ದಿನ ಮಸಿ, ತಾಮ್ರದ ಲವಲೇಶ ಗುಂಡಿನಿಂದ ಗುಂಡಿಗೆ ಪದರಗಟ್ಟುತ್ತವೆ; ಸುಡುವ ಅನಿಲ ಅಲ್ಲಿಯ ಉಕ್ಕಿನ ಮೇಲ್ಮೈಯನ್ನೇ ಮಾರ್ಪಡಿಸುತ್ತದೆ. ಇವು ಗುಂಡನ್ನು ಒಂದಿಷ್ಟು ಹಿಡಿದು ಒತ್ತಡ ಏರಿಸುತ್ತವೆ, ವೇಗ ಏರುವುದು ಅದರಿಂದಲೇ ಎಂಬುದು ಎರಡನೆಯ ಪಕ್ಷದ ವಾದ. ಎರಡು ಪಕ್ಷಗಳಿಗೂ ಇನ್ನೂ ರಾಜಿಯಾಗಿಲ್ಲ. ನನ್ನ ಒಲವು ಕಾವಲಿಯ ಕಡೆಗಿದೆ. ಮನೆಯಲ್ಲಿಯೂ ಅದೇ ತೀರ್ಪು ಬಂದಿದೆ.

ಪಳಗಿಸುವ ವಿಧಿಗಳಿಗೇನೂ ಕೊರತೆಯಿಲ್ಲ. ಒಂದು ಗುಂಡು ಹಾರಿಸಿ ನಳಿಗೆಯನ್ನು ಒರೆಸು, ಇನ್ನೊಂದು ಹಾರಿಸಿ ಮತ್ತೆ ಒರೆಸು, ಬಳಿಕ ಮೂರಕ್ಕೊಮ್ಮೆ, ಐದಕ್ಕೊಮ್ಮೆ ಎಂದು ಮದುವೆಯ ಶಾಸ್ತ್ರಗಳಂತೆ ಪಟ್ಟಿಯೇ ಇದೆ. ನಳಿಗೆ ತಯಾರಿಸುವವರಲ್ಲೇ ಕೆಲವರು ಇದನ್ನು ಕಡ್ಡಾಯವೆನ್ನುತ್ತಾರೆ, ಕೆಲವರು ವ್ಯರ್ಥ ಶ್ರಮವೆಂದು ನಗುತ್ತಾರೆ. ಒರೆಸುವುದರಿಂದ ತಾಮ್ರ ಹೋಗುವುದು ನಿಜ. ಒರೆಸಿದ ಕೂಡಲೆ ಹಾರಿಸಿದ ಗುಂಡಿನ ವೇಗ ಉಳಿದವಕ್ಕಿಂತ ಬೇರೆಯಾಗುವುದೂ ಉಂಟು.

ಹೀಗಾಗಿ ಜಾಣ ಗುರಿಕಾರನು ವಾದ ಬಿಟ್ಟು ಅಳೆಯುತ್ತಾನೆ. ಗುಂಡಿನ ವೇಗವನ್ನು ಅಳೆಯಬಹುದೆಂದು ತೋರಿಸಿಕೊಟ್ಟವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ದೂರ ತೂಗಿತೆಂಬುದರಿಂದ ವೇಗ ಕಂಡುಹಿಡಿಯುವ ಬಗೆಯನ್ನು ಅವನು 1742ರ ತನ್ನ ಗ್ರಂಥದಲ್ಲಿ ವಿವರಿಸಿದ. ಇಂದು ಅದೇ ಕೆಲಸವನ್ನು ಪುಸ್ತಕದಷ್ಟು ದೊಡ್ಡ ರಾಡಾರ್ ಪೆಟ್ಟಿಗೆ, ನಳಿಗೆಯ ಪಕ್ಕದಲ್ಲಿ ಕುಳಿತು, ಒಂದೊಂದು ಗುಂಡಿಗೂ ಮಾಡುತ್ತದೆ. ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳುತ್ತಾ ಹೋದರೆ ಮೊದಲು ಏರುವ ಗೆರೆ, ಅನಂತರ ಸಮವಾಗುವ ಗೆರೆ ಕಾಣುತ್ತದೆ. ಸಮವಾದ ಮೇಲೆಯೇ ಕೋಷ್ಟಕ. ಬಿಸಿಲಿಗೂ ಮದ್ದಿನ ಹೊಸ ಕಂತಿಗೂ ವೇಗ ಬದಲಾಗುವುದರಿಂದ, ಹೋಲಿಕೆಗೆ ಒಂದೇ ಕಂತಿನ ತೋಟಾ ಬೇಕು, ಸಾಧ್ಯವಾದಷ್ಟು ಒಂದೇ ಹವೆ ಬೇಕು.

ಸಮತಲವೂ ಶಾಶ್ವತವಲ್ಲ. ಪ್ರತಿಯೊಂದು ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲ ಗಂಟಲನ್ನು ಕೊರೆಯುತ್ತಲೇ ಇರುತ್ತದೆ. ಅಲ್ಲಿಯ ಉಕ್ಕು ಬಿರುಕುಬಿಟ್ಟ ಕೆರೆಯ ತಳದಂತಾಗಿ, ಗೆರೆಗಳ ಆರಂಭ ಮುಂದೆ ಸರಿದು, ಒಂದು ದಿನ ವೇಗ ಇಳಿಯತೊಡಗುತ್ತದೆ, ಗುರಿಯೂ ಚದುರುತ್ತದೆ. ನೆರೆಮನೆಯ ಹಿರಿಯರಿಗೆ ಇದನ್ನೆಲ್ಲ ಒಪ್ಪಿಸಿದಾಗ ಅವರು ಕಾಫಿ ಲೋಟ ಕೆಳಗಿಟ್ಟು, “ಆಗೇನು ಮಾಡ್ತಾರೆ?” ಎಂದರು. ಹಳೆಯ ನಳಿಗೆಯನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾರೆ, ಕೋಷ್ಟಕವನ್ನು ಬದಿಗಿಟ್ಟು ಮತ್ತೆ ಒಂದನೆಯ ಗುಂಡಿನಿಂದ ಎಣಿಸುತ್ತಾರೆ ಎಂದೆ.